ತುಂಬು

ಬ್ಯಾಡಗಿ ಪ್ಯಾಟ್ಯಾಗ ನಮ್ಮ ಕೆಲಸಕ್ಕ ಒಂದ ಹೆಸರು:
ತುಂಬು ಬಿಡಿಸೋದು.
ಪುಸ್ತಕದಾಗ ತೊಟ್ಟು ಅಂತ ಬರೀತಾರಂತ.
ಮೆಣಸಿನಕಾಯಿ ತಲಿ ಮ್ಯಾಲಿನ ಒಣ ಟೊಪಿಗಿ,
ಉಗುರ ಹಚ್ಚಿ ಚಿವುಟಿದ್ರ ಚಟ್ ಅಂತೈತಿ.
ಕಿಲೋಕ್ಕ ಇಷ್ಟು.

ಗೋದಾಮಿನ್ಯಾಗ ನಲವತ್ತು ಮಂದಿ ಹೆಣಮಕ್ಕಳು,
ಎಲ್ಲಾರಿಗೂ ಸೇರಿ ಒಂದ ಕೆಮ್ಮು.
ಮೂಗಿಗೆ ಸೆರಗು ಐತಿ, ಕಣ್ಣಿಗೆ ಏನೂ ಇಲ್ಲ.
ಸಂಜಿಮುಂದ ಕೈಗೆ ಕೊಬ್ರಿ ಎಣ್ಣಿ, ಆಮ್ಯಾಲ ಮಜ್ಜಿಗಿ,
ಆಮ್ಯಾಲ ಬೂದಿ, ಆಮ್ಯಾಲ ಸಬಕಾರ.
ಆದ್ರೂ ರಾತ್ರಿ ಎದಿಗೆ ತಗೊಂಡ್ರ
ಕೂಸು ಚಿಟ್ಟನೆ ಚೀರತಿತ್ತು,
ಹಾಲು ಬ್ಯಾಡಂತಲ್ಲ,
ನನ್ನ ಕೈ ಬ್ಯಾಡಂತ.

ಶಮಶಾದ ಟೀಚರು ಜೋಳಿಗ್ಯಾಗ ಹಾಕಿ ತೂಗಿ
ಕಾರ್ಡಿನ್ಯಾಗ ಚುಕ್ಕಿ ಇಟ್ರು. ಚುಕ್ಕಿ ಕೆಂಪನಾಗ ಬಿತ್ತು.
ನಾ ನಕ್ಕೆ.
ನಮ್ಮ ಪ್ಯಾಟ್ಯಾಗ ಕೆಂಪು ಅಂದ್ರ ಚಲೋ ರೇಟು;
ದಲಾಲಿ ಅಂಗೈಯಾಗ ಮುರಿದು ನೋಡಿ
ಬಣ್ಣ ಐತಿ ಅಂದ್ರ ಸಾಕು,
ಮಾಲ ತಂದಾವನ ಮೀಸಿ ಮ್ಯಾಲ ಏಳತಾವ.
ಟೀಚರು ನಗಲಿಲ್ಲ.
"ಹುಲಿಗೆವ್ವ, ಇದು ಆ ಕೆಂಪಲ್ಲಬೇ."

ಹಾವೇರಿ ದವಾಖಾನಿ. ಹದಿನಾಕು ದಿನ.
ಹಾಲು, ಸಕ್ಕರಿ, ಎಣ್ಣಿ ಕಲಿಸಿದ ಅಳತಿ ಲೋಟ
ಎರಡೆರಡು ತಾಸಿಗೆ, ನಡುರಾತ್ರ್ಯಾಗೂ.
ಬಿಲ್ ಎಲ್ಲಿ ಕಟ್ಟಬೇಕ್ರಿ ಅಂತ ನರ್ಸಬಾಯಿಗೆ ಕೇಳಿದೆ.
ಇಲ್ಲ ಅಂದ್ಲು. ಮತ್ತೊಮ್ಮೆ ಕೇಳಿದೆ.
ಬಿಲ್ ಇಲ್ಲದ ಕಡೆ ಬೈಗುಳ ಇರತೈತಿ ಅಂತ
ಕಲತಾಕಿ ನಾ. ಬೈಗುಳಾನೂ ಬರಲಿಲ್ಲ.
ಹನ್ನೊಂದನೇ ದಿನಕ್ಕ ಕೂಸು
ಲೋಟ ತಾನ ಹಿಡಕೊಂಡಿತು.

ತಪ್ಪಿದ ಕೂಲಿಗೆ ರೊಕ್ಕ ಖಾತೆಗೆ ಹಾಕ್ತೀವಿ ಅಂದಿದ್ರು.
ಬಂತು. ನಾಗರಪಂಚಮಿ ದಾಟಿ ದೀಪಾವಳಿಗೆ.
ಬ್ಯಾಂಕಿನವರು ಅದರಾಗ ದಂಡ ಮುರಕೊಂಡಿದ್ರು,
ಖಾತೆ ಖಾಲಿ ಇಟ್ಟಿದ್ದಕ್ಕಂತ.
ಖಾಲಿ ಇಡೋದು ನನ್ನ ಚಾಳಿ ಅಲ್ಲ
ಅಂತ ಯಾವ ಕಿಡಕಿಗೆ ಹೇಳಲಿ.

ಈಗ ಗೌತಮಿಗೆ ಮೂರು ತುಂಬ್ಯಾವ.
ಅಂಗನವಾಡಿ ಎದುರಿಗೆ ಕೋಲ್ಡ್ ಸ್ಟೋರೇಜು,
ಅದರಾಗಿನ ಚೀಲಗೋಳು ಬ್ಯಾಸಗಿ ಕಂಡಿಲ್ಲ.
ಈ ಕಡೆ ತಗಡಿನ ಖೋಲಿ, ಐದು ತಿಂಗಳ ಬಾಡಗಿ ಬಾಕಿ;
ಮಾಲಕ ಬಂದು ಸಿಲಿಂಡರಿನ ಮ್ಯಾಲ ಕೂತು
ಚಾ ಕುಡದು ಹೋದ.
ತತ್ತಿ ರೊಕ್ಕ ಬಂದಿಲ್ಲ. ಟೀಚರ ಪಗಾರೂ ಬಂದಿಲ್ಲ,
ಅದನ್ನ ಪಗಾರ ಅನಬಾರದಂತ, ಗೌರವಧನ ಅನಬೇಕಂತ.
ತತ್ತಿ ಮಾತ್ರ ಬರತಾವ, ಇಮಾಮಸಾಬನ ಅಂಗಡ್ಯಾಗ
ಟೀಚರ ಹೆಸರಲೆ ಉದ್ರಿ.

ಮ್ಯಾಲಿನ ಸಾಹೇಬ್ರು ಬಂದು ದಾಖಲಿ ನೋಡಿ
"ಅನುದಾನ ಬಿಡುಗಡಿ ಆಗಬೇಕ್ರಿ" ಅಂದ್ರು.
ನಾ ಬಾಗಲದಾಗ ನಿಂತಿದ್ದೆ.
ದಾನ?
ಸಬಕಾರ ತಗೊಂಡಾಗ, ಮೊಬೈಲಿಗೆ ರೊಕ್ಕ ಹಾಕಿದಾಗ
ನನ್ನ ಕಡೆಯಿಂದಾನೂ ಸರಕಾರಕ್ಕ ಪಾಲು ಹೋಗತೈತಂತ,
ಟೀಚರ ಹೇಳ್ಯಾರ. ಆಗ ಯಾರೂ
ದಾನಿ ಹುಲಿಗೆವ್ವ ಅಂತ ಕಲ್ಲ ನೆಡಸಲಿಲ್ಲ.
ಮಾತು ಗಂಟಲತನಕ ಬಂತು.
ಅದರ ಹಿಂದ ಕೆಮ್ಮು ಬಂತು.
ಕೆಮ್ಮು ಮುಗಿಯೂದರಾಗ ಜೀಪು ಹೋಗಿತ್ತು.

ಮೊನ್ನಿ ಮಧ್ಯಾಹ್ನ ಆಯಾನ ಕೈ ಹಿಡಕೊಂಡು
ಗೋದಾಮಿನ ಬಾಗಲಕ್ಕ ಬಂತು ನನ್ನ ಕೂಸು,
ಇನ್ನೊಂದು ಕೈ ಬಿಗಿ ಮುಷ್ಟಿ.
ಬಿಚ್ಚಿದ್ರ ಅರ್ಧ ತತ್ತಿ, ಹಿಚಿಕಿ ಹಳದಿ ಆಗಿದ್ದು,
ಬೆರಳ ಸಂದ್ಯಾಗ ಸೇರಿಕೊಂಡಿದ್ದು.
"ಅವ್ವಾ, ನಿಂಗ."

ನಾ ಕೈ ಚಾಚಲಿಲ್ಲ, ಖಾರ ಇತ್ತು.
ಬಾಯಿ ತೆಗದೆ.

ಟೀಚರ, ದಾಖಲಿಯೊಳಗ ಅದು
ಗೌತಮಿ ತಿಂದ ತತ್ತಿ ಅಂತನ ಇರಲಿ.
ಖಾನೆ ತುಂಬ್ರಿ.