ಎಲ್ಲಿದ್ದೆ?

ಅಬರ್ಡೀನಿನ ದಕ್ಷಿಣಕ್ಕೆ, ಆಲ್ಟೆನ್ಸ್‌ನ ಗೋದಾಮುಗಳ ನಡುವೆ
ಕಿಟಕಿಯಿಲ್ಲದ ಒಂದು ಕೋಣೆ.
ಒಳಗೆ ಟೇಪುಗಳು, ಹನ್ನೊಂದು ಸಾವಿರ:
ಎಣ್ಣೆ ಹುಡುಕಲು ಹೋದ ಹಡಗುಗಳು
ಉತ್ತರ ಸಮುದ್ರದ ಹೊಟ್ಟೆಗೆ ಗುದ್ದಿ
ಕಿವಿಗೊಟ್ಟು ಬರೆದುಕೊಂಡ ಮಾರ್ದನಿ.
ಹಳೆಯದನ್ನು ಹೊಸ ಟೇಪಿಗೆ ಇಳಿಸುವುದು ನಮ್ಮ ಕೆಲಸ,
ನನ್ನದು ಮತ್ತು ಮರ್ಡೋನದು.

ಡ್ರೈವರ್ ಎಂದು ಅವನಂದಾಗ ಮೊದಲು ನನಗೆ ಕಂಡವನು
ಟಾರಿಯ ಸೇತುವೆ ಮುಚ್ಚಿದ ದಿನ
ಬಸ್ಸನ್ನು ಬಳಸಿ ತಂದ ಕೆಂಪು ಮೀಸೆಯವನು.
ಅವನಲ್ಲ. ಆದರೂ ಅವನ ನಂಟನೇ.

ಒಂದು ಟೇಪ್ ಡ್ರೈವಿಗೆ ಎರಡು ದಾರಿ,
ಎರಡು ಕಾರ್ಡು, ಎರಡು ಸ್ವಿಚ್ಚು,
ಕಿತ್ತಳೆ ಬಣ್ಣದ ಎರಡು ಗಾಜಿನ ನರ.
ಎರಡೂ ಕಡೆಯಿಂದ ಕಂಡ ಸರ್ವರ್
ಎರಡು ಯಂತ್ರವೆಂದು ಮೋಸಹೋಗುತ್ತದೆ.
ಡ್ರೈವರ್ ಸೀರಿಯಲ್ ನಂಬರು ಓದಿ
ಇದು ಅದೇ, ಎಂದು ಒಂದೇ ಹೆಸರಿಡುತ್ತದೆ.
ಒಂದು ದಾರಿ ಸತ್ತರೆ ಇನ್ನೊಂದರಲ್ಲಿ ಕಳಿಸುತ್ತದೆ.
ಮೇಲಿನವರಿಗೆ ಗೊತ್ತೇ ಆಗುವುದಿಲ್ಲ.

ಇಷ್ಟು ಹೇಳಲು ಮರ್ಡೋಗೆ ಒಂದು ಇಡೀ ಲೋಟ ಚಹಾ ಹಿಡಿಯಿತು.
ಉಗ್ಗುತ್ತಾನೆ.
ಬುಧವಾರ ಬಾಯಿಗೆ ಬಾರದಿದ್ದರೆ
ಮಂಗಳವಾರದ ಮಾರನೆಯ ದಿನ ಅನ್ನುತ್ತಾನೆ.
ಬೆಣ್ಣೆ ಗಂಟಲಲ್ಲಿ ನಿಂತರೆ
ಟೋಸ್ಟಿಗೆ ಹಚ್ಚುವುದು, ಹಳದಿಯದು.
ಐವತ್ತೆರಡು ವರ್ಷ ಸುತ್ತುದಾರಿಯಲ್ಲೇ ನಡೆದು
ಪ್ರತಿ ಸಲವೂ ಊರು ಸೇರಿದವನು.

ಏಪ್ರಿಲ್‌ನ ಒಂದು ರಾತ್ರಿ, ಕಡಲಿಂದ ಮಂಜು ಹತ್ತಿ ಬಂದು
ಪಾರ್ಕಿಂಗಿನ ದೀಪಗಳನ್ನೆಲ್ಲ ನುಂಗಿದ ಮೇಲೆ,
ಮೂರೂ ಹನ್ನೆರಡಕ್ಕೆ
ರ‍್ಯಾಕಿನ ಬಾಗಿಲು ಒಂದು ಕೇಬಲ್ಲನ್ನು ಕಚ್ಚಿತು.
ಬಾಗಿಲು ತಳ್ಳಿದ್ದು ನಾನೇ.
ಇರಲಿ, ಇನ್ನೊಂದು ದಾರಿ ಇದೆಯಲ್ಲ, ಅಂದೆ.
ಮರ್ಡೋ ಬೆರಳೆತ್ತಿದ. ತಾಳು.

ಡಿಸ್ಕಾಗಿದ್ದರೆ ಚಿಂತೆಯಿಲ್ಲ,
ಬರೆದ ಅಕ್ಷರದ ಮೇಲೇ ಮತ್ತೆ ತೀಡಿದಂತೆ, ಏನೂ ಕೆಡದು.
ಟೇಪು ಹಾಗಲ್ಲ. ಹೇಳುತ್ತಲೇ ಹೋಗುವ ಬಾಯಿ ಅದು.
ಕೇಬಲ್ಲು ಕಡಿದ ಗಳಿಗೆಯಲ್ಲಿ ಹೊರಟಿದ್ದ ತುಣುಕು
ಮುಟ್ಟಿತೋ, ಮುಟ್ಟಲಿಲ್ಲವೋ?
ಅಥವಾ ಮುಟ್ಟಿ,
ಮುಟ್ಟಿತೆಂಬ ಮಾತಷ್ಟೇ ವಾಪಸಾಗುವಾಗ ಸತ್ತಿತೋ?
ಸುಮ್ಮನೆ ಮತ್ತೆ ಕಳಿಸಿದರೆ
ಸಮುದ್ರ ಎರಡು ಸಲ ಗುಡುಗುತ್ತದೆ,
ಇಲ್ಲದ ಕಲ್ಲಿನ ಪದರವೊಂದು ಹುಟ್ಟಿಬಿಡುತ್ತದೆ ತಳದಲ್ಲಿ.
ಕಳಿಸದಿದ್ದರೆ ಇದ್ದದ್ದೊಂದು ಇಲ್ಲವಾಗುತ್ತದೆ.

ಅದಕ್ಕೇ ಎರಡನೆಯ ದಾರಿಯಲ್ಲಿ ಬಂದ ಡ್ರೈವರ್
ಮೊದಲು ಗುರುತು ಹೇಳಬೇಕು.
ಯಂತ್ರ ಒಬ್ಬನಿಗೆ ಮಾತು ಕೊಟ್ಟು ಅಗುಳಿ ಹಾಕಿಕೊಂಡಿದೆ,
ಆ ಒಬ್ಬ ನಾನೇ, ಬಂದ ಬಾಗಿಲು ಮಾತ್ರ ಬೇರೆ, ಎನ್ನಬೇಕು.
ಕೀಲಿಕೈ ಹೊಂದಿದ ಮೇಲೂ ಅಪ್ಪಣೆಯಿಲ್ಲ,
ಒಂದು ಪ್ರಶ್ನೆ:
ಎಲ್ಲಿದ್ದೆ?
ಅದೊಂದು ಸಂಖ್ಯೆ ಹೇಳುತ್ತದೆ.
ಅಲ್ಲಿಂದ ಮುಂದಕ್ಕೆ.

ಸದ್ದಿಲ್ಲ. ಲಾಗಿನಲ್ಲಿ ಒಂದು ಸಾಲು.
ಟೇಪು ತಿರುಗುತ್ತಲೇ ಇತ್ತು.

ನಾನು ಮಾತ್ರ ಲೆಕ್ಕ ಹಾಕುತ್ತಾ ಕೂತೆ,
ಉಪಕಾರವೆಂದುಕೊಂಡು ಎಷ್ಟು ಸಲ
ಇವನ ಮಾತನ್ನು ನಾನೇ ಮುಗಿಸಿದ್ದೆ,
ಇವನು ಆಡದ ಎಷ್ಟು ಪದರಗಳನ್ನು ಇವನ ಹೆಸರಲ್ಲಿ ಬರೆದಿದ್ದೆ.
ಒಮ್ಮೆಯಾದರೂ ಕೇಳಿದ್ದೆನೆ, ಎಲ್ಲಿದ್ದೆ ಎಂದು?

ಬೆಳಗ್ಗೆ ಹೊಸ ಕೇಬಲ್ಲಿಗೆ ಫೋನು.
ಆ ಕಡೆ ಅವಸರದ ಹುಡುಗಿ: ಯಾರು ಮಾತಾಡುವುದು?

ಹೆಸರಿಗೆ ಸುತ್ತುದಾರಿಯಿಲ್ಲ.

ಮ್
ಕಾಗುಣಿತ ಹತ್ತದ ಮ್,
ತುಟಿಯ ಹೊಸ್ತಿಲಲ್ಲಿ
ಸ್ವರಕ್ಕೆ ಕಾಯುತ್ತ ನಿಂತ ವ್ಯಂಜನ.
ಹಲೋ? ಇದ್ದೀರಾ?
ನನ್ನ ಕೈ ರಿಸೀವರಿನತ್ತ ಅರ್ಧ ಹೋಗಿ
ಬೆಚ್ಚಿ, ಬಿಸ್ಕತ್ತಿನ ಡಬ್ಬಿಯ ಮೇಲೆ ಕೂತಿತು.
ಮ್
ಇನ್ನೂ ಮ್.

ಮರ್ಡೋ, ಅಂದ.

ಆಮೇಲೆ ಕೇಬಲ್ಲಿನ ಉದ್ದ, ಹತ್ತು ಮೀಟರು,
ಒಂದೇ ಉಸಿರಿಗೆ.