ಒಂದು ಬೆರಳು ಕೆಳಗೆ

ಲಿಲೋಂಗ್ವೆಯಲ್ಲಿ ಪೆಟ್ಟಿಗೆ ಬಿಚ್ಚಿಸಿದವನು
ಹೌಹಾರಿ ಎರಡು ಹೆಜ್ಜೆ ಹಿಂದೆ ಸರಿದನಂತೆ:
ಎದೆಯಿಂದ ತೊಡೆಯ ತನಕ ಮಾತ್ರ ಒಬ್ಬ ಹೆಂಗಸು,
ಹೊಟ್ಟೆಗೆ ಜಿಪ್ಪು, ಜಿಪ್ಪಿನೊಳಗೆ ಮಗು.
"ಯಾರದಿದು?"
"ಸೂಲಗಿತ್ತಿ ಶಾಲೆಯದು" ಅಂದಳಂತೆ ಇಷ್‌ಬೆಲ್,
ಇನ್ವರ್ನೆಸ್‌ನಿಂದ ಮೂರು ವಿಮಾನ ಹತ್ತಿಳಿದು ಬಂದವಳು.
ಸುಂಕದವನ ಮುಂದೆ ಸುಖದುಃಖ.
ಎರಡು ತಾಸಿನ ಮೇಲೊಂದು ಮೊಹರು.

ರುಂಫಿಯ ನಮ್ಮ ತಗಡಿನ ಮಾಡಿನ ಕೆಳಗೆ
ಹೀಗೆ ಬಂದಿಳಿದಳು ತಲೆಯಿಲ್ಲದ ತುಂಬು ಬಸುರಿ.
ಹುಡುಗಿಯರು ಅವಳಿಗೊಬ್ಬ ಅಪ್ಪನನ್ನು ಕೊಟ್ಟರು,
ನ್ಯಾಗೊಂಡ್ವೆ, ಗೊಂಡ್ವೆಯ ಮಗಳು, ಎಂದು ಕರೆದರು.
ದಿನಕ್ಕೆ ಹದಿನಾರು ಸಲ ಹೆರುತ್ತಾಳೆ,
ನೀರು ಕೇಳುವುದಿಲ್ಲ, ಗಂಡನನ್ನು ಶಪಿಸುವುದಿಲ್ಲ.
ಪೆಟ್ಟಿಗೆಯ ಜೊತೆ ಬಂದ ಕೆಂಪು ನೆತ್ತರು ತೀರಿದ ಮೇಲೆ
ಬೀಟ್‌ರೂಟ್ ಕುದಿಸಿ ತುಂಬುತ್ತೇವೆ.

ಇಷ್‌ಬೆಲ್ ಕಲಿಸಿದಳು: ಭುಜ ಸಿಕ್ಕಿಕೊಂಡರೆ ಎಳೆಯಬೇಡಿ.
ತೊಡೆಗಳನ್ನು ಹೊಟ್ಟೆಗೆ ಮಡಿಸಿ. ಗಡಿಯಾರ ನೋಡುತ್ತಿರಿ.
ಅವಳ ಕೈ ಎಷ್ಟು ನಿಧಾನವೆಂದರೆ
ನನಗೆ ಇಪ್ಪತ್ತು ವರ್ಷದ ನನ್ನ ಅವಸರವೆಲ್ಲ ನೆನಪಾಗಿ ನಾಚಿಕೆಯಾಯಿತು.

ಕರೆಂಟು ಹೋದ ರಾತ್ರಿ ಅವಳ ಯಂತ್ರ ಮೂಕಾಯಿತು.
ನನ್ನ ಮರದ ಕೊಳವೆ ಕೊಟ್ಟೆ.
ಅಂಥದ್ದು ಅವರಲ್ಲಿ ಗಾಜಿನ ಕಪಾಟಿನಲ್ಲಿದೆಯಂತೆ.
ಮಂಡಿಯೂರಿ ಕಿವಿಯಿಟ್ಟು "ಸಿಕ್ಕಿತು!" ಅಂದಳು.
ಬಸುರಿಯ ನಾಡಿ ಹಿಡಿದಿದ್ದ ನಾನು ಹೇಳಿದೆ:
"ಅದಲ್ಲ. ಅದು ಅಮ್ಮ.
ಇನ್ನೊಂದು ಬೆರಳು ಕೆಳಗೆ."

ಒಪ್ಪಂದದ ಕಾಗದದಲ್ಲಿ 'ಪರಸ್ಪರ' ಎಂಬ ಮಾತು ಏಳು ಸಲ ಇದೆ.
ಎಣಿಸಿದ್ದೇನೆ.
ಅವರ ಹನ್ನೊಂದು ಮಂದಿ ಬಂದು ಹೋದರು.
ನನ್ನ ಅರ್ಜಿ ಎರಡು ಸಲ ತಿರುಗಿ ಬಂತು:
ಅರ್ಜಿದಾರಳು ಮರಳುವಳೆಂಬ ಖಾತ್ರಿಯಿಲ್ಲ.
ಮೂವತ್ತು ಹಾಸಿಗೆ, ಐವತ್ತೊಂದು ಬಸುರಿಯರು,
ನೆಲದ ಮೇಲೆ ಚಿಟೆಂಜೆ ಹಾಸಿ ಸರದಿ ಕಾಯುವವರು.
ಇವರನ್ನು ಬಿಟ್ಟು ಅಲ್ಲೇ ಉಳಿದುಬಿಡುತ್ತೇನೆಯೇ?
ಉಳಿಯುತ್ತಿದ್ದೆನೇನೋ. ಯಾರಿಗೆ ಗೊತ್ತು.
ನನ್ನ ಕೈಯಲ್ಲೇ ಕಲಿತ ವೆಜಿ ಈಗ ಲೀಡ್ಸ್‌ನಲ್ಲಿ ರಾತ್ರಿಪಾಳಿ.
"ಇಲ್ಲಿ ಕೈಗವಸು ಎಣಿಸುವುದಿಲ್ಲ ಟೀಚರ್" ಎಂದು
ಡಬ್ಬಿಗಳ ಫೋಟೋ ಕಳಿಸುತ್ತಾಳೆ.

ಮಂಗಳವಾರ ನಾನೂ ಇನ್ವರ್ನೆಸ್‌ಗೆ ಹೋಗುತ್ತೇನೆ,
ಪರದೆಯ ಮೇಲೆ, ಕತ್ತಿನ ತನಕ ಮಾತ್ರ.
ನ್ಯಾಗೊಂಡ್ವೆಗಿಲ್ಲದ್ದು ಅವರಿಗೆ ನನ್ನಲ್ಲಿ ಸಿಗುತ್ತದೆ.
ಸಿಗ್ನಲ್ ಕಡಿದಾಗ ಬಾಯಿ ತೆರೆದೇ ಇರುತ್ತೇನಂತೆ.

ನಿನ್ನೆ ಇಷ್‌ಬೆಲ್‌ಳ ಸಂದೇಶ:
ಹಿಮಗಾಳಿಗೆ ತಂತಿ ಹರಿದು ಅವರಲ್ಲೂ ಕತ್ತಲಾಯಿತಂತೆ.
ನಾನು ಕೊಟ್ಟ ಕೊಳವೆ ಕೋಟಿನ ಜೇಬಿನಲ್ಲಿತ್ತಂತೆ.
"ಮೊದಲು ಅಮ್ಮ ಕೇಳಿಸಿದಳು" ಎಂದಷ್ಟೇ ಬರೆದಿದ್ದಾಳೆ.

ಇಲ್ಲಿ ನ್ಯಾಗೊಂಡ್ವೆಯ ಜಿಪ್ಪು ಕಿತ್ತಿದೆ.
ದಪ್ಪ ದಾರ ಹಾಕಿ ಹೊಲಿಯುತ್ತ ಕೂತಿದ್ದೇನೆ.
ಬೆಳಿಗ್ಗೆ ಎಂಟಕ್ಕೆ
ಅವಳಿಗೆ ಮತ್ತೆ ಬೇನೆ.