ನೆಲ ಮುಟ್ಟುವ ಜಾಗ

ಸುಂಟಿಕೊಪ್ಪ ದಾಟಿ ಮಡಿಕೇರಿ ಕಡೆ ಹೊರಟರೆ
ಎಡಕ್ಕೆ ನನ್ನ ವಾಟರ್ ಸರ್ವಿಸ್.
ಒಂದು ಪಂಪು, ಎರಡು ಪೈಪು, ಕಾಂಕ್ರೀಟಿನ ಏರು,
ಗೋಡೆಯ ಹಲಗೆ ಮೇಲೆ ಕ್ಯಾನುಗಳು:
ನೊರೆಗೆ ಗುಲಾಬಿ, ಗಾಜಿಗೆ ನೀಲಿ,
ಡ್ಯಾಶ್‌ಬೋರ್ಡಿಗೆ ನಿಂಬೆ ಚಿತ್ರದ್ದು, ವಾಸನೆ ಮಾತ್ರ ಸೀಮೆಎಣ್ಣೆ.
ಕೊನೆಯದು ಟೈರ್ ಪಾಲಿಶ್.
ಕ್ಯಾನಿನಲ್ಲಿ ಹಾಲು, ಹಚ್ಚಿದರೆ ಕಾಡಿಗೆ.

ಸವೆದು ಬೋಳಾದ ಟೈರೂ
ಅದರಿಂದ ಮದುಮಗನಾಗುತ್ತದೆ.
ಒಳಗೆ ಕಸ ಉಳಿದಿದ್ದರೂ ಗಿರಾಕಿ ಮೊದಲು
ಚಕ್ರ ನೋಡುತ್ತಾನೆ, ಐವತ್ತು ಹೆಚ್ಚು ಕೊಡುತ್ತಾನೆ.

ಮಾರ್ಚಿನ ಶನಿವಾರ ಬಿದ್ದಪ್ಪ ಬಂದ,
ಅವನ ಮಾವನ ಬುಲೆಟ್ಟಿನಲ್ಲಿ.
ಮಾರನೆ ದಿನ ಹಾಕಿ ಪಂದ್ಯ.
ಒಕ್ಕದ ಹುಡುಗರೆಲ್ಲ ಬೈಕುಗಳಲ್ಲೇ ಸಾಲಾಗಿ
ಮೈದಾನಕ್ಕೆ ಇಳಿಯುವುದೆಂದು ಮಾತಾಗಿತ್ತಂತೆ.
‘ಟೈರು ಫಳಫಳ ಅನ್ನಬೇಕು’ ಅಂದ.
ನಾನು ಶಮೀಮನ ಕಡೆ ತಿರುಗಿ
‘ಪೂರ್ತಿ ಹಚ್ಚೋ’ ಅಂದೆ.

ಪೂರ್ತಿ.
ಆ ಮಾತು ಇನ್ನೂ ಇದೆ
ಹಲ್ಲಿನ ಸಂದಿಯ ನಾರಿನ ಹಾಗೆ.

ಹೇಳಿದ್ದನ್ನು ಹೇಳಿದಷ್ಟು ಮಾಡುವ ಹುಡುಗ.
ಸ್ಟ್ಯಾಂಡಿನ ಮೇಲೆ ಚಕ್ರ ತಿರುಗಿಸುತ್ತ
ಪಕ್ಕೆಗೆ ಹಚ್ಚಿದ, ಅಂಚಿಗೆ ಹಚ್ಚಿದ,
ಗೀರುಗಳ ಒಳಗೆ ಹಳೆ ಹಲ್ಲುಜ್ಜುವ ಬ್ರಷ್ಷು ತೂರಿಸಿ
ನೆಲ ಮುಟ್ಟುವ ಜಾಗಕ್ಕೂ ಹಚ್ಚಿದ,
ತಂಗಿಯ ತಲೆಗೆ ಎಣ್ಣೆ ಹಾಕುವವನಂತೆ
ಬೈತಲೆ ಬೈತಲೆ ಬಿಡಿಸಿ.
ನಾನು ಚಿಲ್ಲರೆ ಎಣಿಸುತ್ತಿದ್ದೆ.

ಬಿದ್ದಪ್ಪ ಕಿಕ್ ಹೊಡೆಯುವಾಗ ಹೂಮಳೆ.
ಹತ್ತೇ ನಿಮಿಷ. ತೋಟದವರು ಆಕಾಶಕ್ಕೆ ಕೈ ಮುಗಿದರು.
ಕಾಫಿ ಗಿಡಕ್ಕೆ ಅಷ್ಟು ಸಾಕು; ರಸ್ತೆಗೆ ಸಾಲದು.
ಮೂರು ತಿಂಗಳ ಧೂಳು, ಲಾರಿಗಳು ಸೋರಿದ ಡೀಸೆಲ್ಲು,
ತೊಳೆದುಹೋಗುವಷ್ಟು ನೀರಲ್ಲ ಅದು,
ಕಲಸುವಷ್ಟು.
ಅದರ ಮೇಲೆ ನಮ್ಮ ಹಾಲು.

ಕೆದಕಲ್ ಹತ್ತಿರದ ತಿರುವಿನಲ್ಲಿ ಅವನು ಎಂದಿನಂತೆ ಬಾಗಿದ.
ಬೈಕೂ ಬಾಗಿತು.
ನೆಲ ಮಾತ್ರ ಕೈ ಕೊಟ್ಟಿತು.

ಕೊರಳ ಮೂಳೆ ಎರಡು ತುಂಡು,
ಮೊಣಕಾಲಿನಿಂದ ಕೆಳಗೆ ಸುಲಿದ ಚರ್ಮ.
ಆಸ್ಪತ್ರೆಯ ಮಂಚದಲ್ಲಿ ಅವನೇ ನಕ್ಕ:
‘ಹೆಸರೇ ಬಿದ್ದಪ್ಪ ಅಲ್ವಾ,
ಇವತ್ತಾದರೂ ಅಪ್ಪ ಇಟ್ಟ ಹೆಸರು ಉಳಿಸಿದೆ.’
ಮಳೆ ಕಣ್ಣಿ, ಹಾಳು ಮಳೆ, ಅಂದಳು ಅವನ ಅವ್ವ.
ಮಳೆಯೇ, ಅಂದರು ಟೀಮಿನವರು.
ಹೂಂ, ಅಂದೆ ನಾನೂ.

ಸಂಜೆ ಪಿಕಪ್ಪಿನಲ್ಲಿ ಬುಲೆಟ್ಟು ನನ್ನ ಹತ್ತಿರವೇ ಬಂತು,
ಕೆಸರು ತೊಳೆಯಲು.
ಟೈರಿನ ಮೇಲೆ ಹೆಬ್ಬೆರಳು ಇಟ್ಟೆ.
ಜಾರಿತು, ಮೀನಿನ ಮೈ ಮೇಲೆ ಜಾರಿದ ಹಾಗೆ.
ಶಮೀಮ ನೋಡಿದ. ಕೇಳಲಿಲ್ಲ.
ಪಾತ್ರೆ ಸೋಪು, ಒಲೆಯ ಬೂದಿ, ತೆಂಗಿನ ನಾರು
ಮೂರು ಸಲ ತಿಕ್ಕಿದೆವು ಇಬ್ಬರೂ,
ಆ ಬದಿಗೆ ಅವನು, ಈ ಬದಿಗೆ ನಾನು,
ರಬ್ಬರು ಮತ್ತೆ ಬೂದುಗಟ್ಟಿ
ಬೆರಳಿಗೆ ತಗಲಿಕೊಳ್ಳುವ ತನಕ.

‘ಅಣ್ಣಾ, ಇದಕ್ಕೂ ಬಿಲ್ ಹಾಕೋದಾ?’ ಅಂದ ಹುಡುಗ.

ಬಿದ್ದಪ್ಪನ ಮನೆಗೆ ಎರಡು ಸಲ ಹೋಗಿದ್ದೇನೆ.
ಕಾಫಿ ಕುಡಿದಿದ್ದೇನೆ, ಪಂದ್ಯದ ಮಾತಾಡಿದ್ದೇನೆ.
ಹೇಳಬೇಕಾದದ್ದು ಗೇಟಿನ ತನಕ ಬಂದು
ಚಪ್ಪಲಿ ಹಾಕಿಕೊಂಡು ವಾಪಸಾಗುತ್ತದೆ.

ಈಗ ಪಾಲಿಶ್ ಪಕ್ಕೆಗೆ ಮಾತ್ರ, ಅದೂ ಬಟ್ಟೆಯಲ್ಲಿ ಒರೆಸಿ.
ಬೈಕಿಗೆ ಇಲ್ಲವೇ ಇಲ್ಲ.
ಕಾರಿನ ಬ್ರೇಕು ತುಳಿಯುವ ಜಾಗಕ್ಕೂ ಇಲ್ಲ.
‘ನಡುವೆ ಯಾಕ್ರೀ ಮಂಕು?’ ಎಂದು
ಮೈಸೂರಿನ ಕಾರಿನವರು ಗೊಣಗುತ್ತಾರೆ.
ಅವರ ಕೈ ಹಿಡಿದು ಟೈರಿನ ಮೇಲೆ ಒತ್ತುತ್ತೇನೆ,
ಒರಟು ತಿಳಿಯಲೆಂದು.
ಕೆಲವರು ಕೈ ಒರೆಸಿಕೊಂಡು ಮುಂದಿನ ಸರ್ವಿಸ್ ಹುಡುಕುತ್ತಾರೆ.

ಅರ್ಧ ಕ್ಯಾನು ಇನ್ನೂ ಹಲಗೆಯ ಮೇಲಿದೆ.
ರಾತ್ರಿ ಪಂಪು ನಿಲ್ಲಿಸಿ ಒದ್ದೆ ಕಾಂಕ್ರೀಟು ದಾಟುವಾಗ
ಲೈಟಿನ ಕೆಳಗೆ ಬಣ್ಣಬಣ್ಣದ ಎಣ್ಣೆ ಹರಿಯುತ್ತಿರುತ್ತದೆ.
ಬರಿಗಾಲು. ಒಡೆದ ಹಿಮ್ಮಡಿ.
ಹೆಬ್ಬೆರಳು ಊರುತ್ತೇನೆ, ನಿಲ್ಲುತ್ತೇನೆ,
ಮತ್ತೆ ಊರುತ್ತೇನೆ.